ಒಣ ಮಣ್ಣಿನ ವಿಷ ಕಳೆಯಲು ಬ್ಯಾಕ್ಟೀರಿಯಾಗಳ ನಡುವೆ ಜೀನ್ ದಾಟಿಸುವುದು ಹೇಗೆ

ಮಳೆ ಕಡಿಮೆ ಇರುವ ಕಡೆ ಮಣ್ಣಿಗೆ ಕಳೆನಾಶಕವೋ ಡೀಸೆಲ್ಲೋ ಸೋರಿ ನಿಂತರೆ ಅದು ವರ್ಷಗಟ್ಟಲೆ ಹಾಗೇ ಉಳಿದುಬಿಡುತ್ತದೆ. ತಿನ್ನುವ ಸೂಕ್ಷ್ಮಜೀವಿಗಳಿಗೆ ಅಲ್ಲಿ ನೀರಿಲ್ಲ, ಇರುವ ಜೀವಿಗಳಿಗೆ ಆ ವಿಷವನ್ನು ಒಡೆಯುವ ಜೀನ್ ಇಲ್ಲ. ವಿಷ ತಿನ್ನುವ ಬ್ಯಾಕ್ಟೀರಿಯಾವನ್ನು ಹೊರಗಿನಿಂದ ತಂದು ಸುರಿಯುವುದು ಹಳೆಯ ದಾರಿ. ಬಹಳ ಸಲ ಅದು ಕೈಕೊಡುತ್ತದೆ, ಏಕೆಂದರೆ ಪೋಷಕ ಸಾರು ತುಂಬಿದ ಫ್ಲಾಸ್ಕಿನಲ್ಲಿ ಬೆಳೆದ ಜೀವಿ ಒಣ ನೆಲದ ಬಿಸಿಲು, ಉಪ್ಪು, ಹಸಿವುಗಳನ್ನು ತಾಳಲಾರದು. ಈ ಬರಹದ ದಾರಿ ಬೇರೆ. ತಂದ ಜೀವಿಯನ್ನು ಉಳಿಸಿಕೊಳ್ಳುವ ಹಟ ಬಿಟ್ಟು, ಅದರೊಳಗಿನ ಪ್ಲಾಸ್ಮಿಡ್ಡನ್ನು (ವರ್ಣತಂತುವಿನಿಂದ ಬೇರೆಯಾಗಿರುವ, ಜೀನ್ ಹೊತ್ತ ಚಿಕ್ಕ ಡಿಎನ್‌ಎ ಉಂಗುರ) ಅದೇ ನೆಲದಲ್ಲಿ ಹುಟ್ಟಿ ಬರಕ್ಕೆ ಒಗ್ಗಿದ ಬ್ಯಾಕ್ಟೀರಿಯಾಗಳಿಗೆ ದಾಟಿಸುವುದು. ಆಮೇಲೆ ದಾನಿ, ಅಂದರೆ ತಂದ ಜೀವಿ, ಸತ್ತರೂ ಚಿಂತೆಯಿಲ್ಲ.

ದಾಟುವುದು ಕಾಂಜುಗೇಷನ್ ಎಂಬ ಕ್ರಿಯೆಯಿಂದ. ಇದನ್ನು ಮೊದಲು ತೋರಿಸಿಕೊಟ್ಟವರು ಅಮೆರಿಕದ ವಿಜ್ಞಾನಿಗಳಾದ ಲೆಡರ್‌ಬರ್ಗ್ ಮತ್ತು ಟೇಟಮ್, 1946ರಲ್ಲಿ. ದಾನಿ ಕೋಶ ಪೈಲಸ್ ಎಂಬ ಕೂದಲಿನಂಥ ರಚನೆಯ ಮೂಲಕ ಪಕ್ಕದ ಕೋಶಕ್ಕೆ ಅಂಟಿಕೊಂಡು, ಪ್ಲಾಸ್ಮಿಡ್ಡಿನ ಎರಡು ಡಿಎನ್‌ಎ ಎಳೆಗಳಲ್ಲಿ ಒಂದನ್ನು ದಾಟಿಸುತ್ತದೆ; ಎರಡೂ ಕಡೆ ಜೋಡಿ ಎಳೆ ಮತ್ತೆ ತುಂಬಿಕೊಳ್ಳುತ್ತದೆ. ದಾನಿಗೆ ನಷ್ಟವಿಲ್ಲ, ಪಡೆದ ಕೋಶ ತಾನೇ ದಾನಿಯಾಗುತ್ತದೆ. ಎರಡು ಕೋಶಗಳು ಮೈಗೆ ಮೈ ತಾಗಲೇಬೇಕು ಎಂಬುದನ್ನು ನೆನಪಿಡಿ. ಮುಂದಿನ ಲೆಕ್ಕಗಳೆಲ್ಲ ಇದರ ಮೇಲೆ ನಿಂತಿವೆ.

ಯಾವ ವಿಷಕ್ಕೆ, ಯಾವ ಪ್ಲಾಸ್ಮಿಡ್

ವಿಷ ಒಡೆಯುವ ಜೀನ್ ಹೊತ್ತ ಸಹಜ ಪ್ಲಾಸ್ಮಿಡ್‌ಗಳು ಹಲವಿವೆ. ಟಾಲ್ವೀನ್, ಕ್ಸೈಲೀನ್‌ಗೆ ಸ್ಯೂಡೊಮೊನಾಸ್ ಪುಟಿಡಾ ಎಂಟಿ-2ರಲ್ಲಿರುವ ಪಿಡಬ್ಲ್ಯುಡಬ್ಲ್ಯು0, ನ್ಯಾಫ್ತಲೀನ್‌ಗೆ ಎನ್‌ಎಎಚ್7, ಅಟ್ರಜಿನ್ ಕಳೆನಾಶಕಕ್ಕೆ ಪಿಎಡಿಪಿ-1, 2,4-ಡಿ ಕಳೆನಾಶಕಕ್ಕೆ ಕುಪ್ರಿಯಾವಿಡಸ್ ಜೆಎಂಪಿ134ರಲ್ಲಿ ಸಿಕ್ಕ ಪಿಜೆಪಿ4. ಈ ಬರಹದ ಲೆಕ್ಕಗಳಿಗೆ ಪಿಜೆಪಿ4 ಮತ್ತು 2,4-ಡಿಯನ್ನೇ ಉದಾಹರಣೆಯಾಗಿ ಇಟ್ಟುಕೊಂಡಿದ್ದೇವೆ. ಈ ಪ್ಲಾಸ್ಮಿಡ್ ಸುಮಾರು 88 ಸಾವಿರ ಬೇಸ್ ಜೋಡಿಗಳಷ್ಟು ದೊಡ್ಡದು. ಇಂಕ್‌ಪಿ-1 ಎಂಬ ಪ್ಲಾಸ್ಮಿಡ್ ಗುಂಪಿಗೆ ಸೇರಿದ್ದರಿಂದ ಬೇರೆ ಬೇರೆ ಕುಲದ ಬ್ಯಾಕ್ಟೀರಿಯಾಗಳಿಗೆ ತಾನೇ ದಾಟಬಲ್ಲದು. 2,4-ಡಿ ಒಡೆಯುವ ಟಿಎಫ್‌ಡಿ ಜೀನ್‌ಗಳ ಜೊತೆಗೆ ಪಾದರಸ ತಾಳುವ ಜೀನೂ ಇದರಲ್ಲಿದೆ. ಆ್ಯಂಟಿಬಯೊಟಿಕ್ ನಿರೋಧಕ ಜೀನ್ ಇಲ್ಲ. ಕೊನೆಯ ಮಾತು ಬಹಳ ಮುಖ್ಯ. ಪ್ರಯೋಗಾಲಯಗಳಲ್ಲಿ ಎಲ್ಲರಿಗೂ ಗೊತ್ತಿರುವ ಆರ್‌ಪಿ4 ಪ್ಲಾಸ್ಮಿಡ್ ಚೆನ್ನಾಗಿ ದಾಟುತ್ತದೆ, ಆದರೆ ಆ್ಯಂಪಿಸಿಲಿನ್, ಕ್ಯಾನಮೈಸಿನ್, ಟೆಟ್ರಸೈಕ್ಲಿನ್ ನಿರೋಧಕತೆಯನ್ನೂ ಹೊತ್ತೇ ದಾಟುತ್ತದೆ. ಅಂಥದ್ದನ್ನು ಬಯಲಿಗೆ ಬಿಡಲೇಬಾರದು. ದಾನಿಯಾಗಿ ಸ್ಯೂಡೊಮೊನಾಸ್ ಎರುಜಿನೋಸಾ, ಬರ್ಕ್‌ಹೋಲ್ಡೇರಿಯಾ ಸೆಪೇಸಿಯಾ ತರಹದ ರೋಗ ತರಬಲ್ಲ ಜಾತಿಗಳೂ ಬೇಡ.

ಎರಡು ಎಚ್ಚರಿಕೆಗಳು ಇಲ್ಲೇ ಇರಲಿ. ಸೀಸ, ಕ್ಯಾಡ್ಮಿಯಂ, ಆರ್ಸೆನಿಕ್ ಮೂಲಧಾತುಗಳು. ಅವನ್ನು ಯಾವ ಜೀನೂ ಒಡೆದು ಇಲ್ಲವಾಗಿಸದು. ಪಾದರಸದ ಜೀನ್‌ಗಳು ಮಾಡುವುದೂ ಕರಗುವ ಪಾದರಸವನ್ನು ಆವಿಯಾಗುವ ಪಾದರಸವಾಗಿ ಬದಲಿಸುವುದನ್ನು, ಅಂದರೆ ಮಣ್ಣಿನ ವಿಷ ಗಾಳಿಗೆ ಹೋಗುತ್ತದೆ. ಇನ್ನೊಂದು, ಟಾಲ್ವೀನ್ ಮತ್ತು ಕ್ಲೋರಿನ್ ಹೊತ್ತ ಅರೋಮ್ಯಾಟಿಕ್ (ಬೆಂಜೀನ್ ಉಂಗುರವಿರುವ) ಸಂಯುಕ್ತಗಳು ಒಟ್ಟಿಗೆ ಇರುವ ಜಾಗದಲ್ಲಿ ಪಿಡಬ್ಲ್ಯುಡಬ್ಲ್ಯು0 ಬಳಸಬೇಡಿ. ಅದರ ಒಡೆತದ ದಾರಿಯಲ್ಲಿ, ಆ ಸಂಯುಕ್ತಗಳಿಂದ ಹುಟ್ಟುವ 3-ಕ್ಲೋರೊಕ್ಯಾಟೆಕಾಲ್ ಒಡೆದಾಗ ಹುಟ್ಟುವ ವಸ್ತು ಒಡೆಯುವ ಎಂಜೈಮನ್ನೇ ಕೊಲ್ಲುತ್ತದೆ. ಮಣ್ಣು ಕಪ್ಪಾಗುತ್ತದೆ, ಕೆಲಸ ನಿಲ್ಲುತ್ತದೆ.

ಕಾನೂನಿನ ಮಾತೂ ಮೊದಲೇ ಆಗಬೇಕು. ಸಹಜ ಪ್ಲಾಸ್ಮಿಡ್ ಸಹಜ ಕಾಂಜುಗೇಷನ್ನಿನಿಂದ ದಾಟಿದರೆ ಯುರೋಪಿಯನ್ ಒಕ್ಕೂಟದ 2001ರ ನಿರ್ದೇಶನ ಅದನ್ನು ಜೀನ್ ಮಾರ್ಪಾಡು ಎಂದು ಎಣಿಸುವುದಿಲ್ಲ. ಬೇರೆ ಕಡೆಯ ನಿಯಮ ಬೇರೆ ಇರಬಹುದು. ಕತ್ತರಿಸಿ ಜೋಡಿಸಿದ ಜೀನ್ ಇದ್ದರೆ ಲಿಖಿತ ಅನುಮತಿ ಇಲ್ಲದೆ ಹೊರಗೆ ಬಿಡುವಂತಿಲ್ಲ. ಮಣ್ಣು ಶುದ್ಧಿಗೆಂದು ಮಾರ್ಪಡಿಸಿದ ಬ್ಯಾಕ್ಟೀರಿಯಾವನ್ನು ಮೊದಲ ಸಲ ಹೊರಗೆ ಬಿಟ್ಟದ್ದು 1996ರಲ್ಲಿ, ಅಮೆರಿಕದ ಓಕ್ ರಿಡ್ಜ್‌ನಲ್ಲಿ. ಸ್ಯೂಡೊಮೊನಾಸ್ ಫ್ಲೋರೆಸೆನ್ಸ್ ಎಚ್‌ಕೆ44 ಎಂಬ ಆ ತಳಿಯನ್ನೂ ಹಾಕಿದ್ದು ಸುತ್ತ ಗೋಡೆಯಿದ್ದ ತೊಟ್ಟಿಗಳಿಗೆ. ಒಮ್ಮೆ ಮಣ್ಣಿನ ಜೀವಿಗಳಿಗೆ ದಾಟಿದ ಪ್ಲಾಸ್ಮಿಡ್ಡನ್ನು ವಾಪಸ್ ತೆಗೆಯಲಾಗದು ಎಂಬುದನ್ನು ಅರಿತೇ ಕೈಹಾಕಬೇಕು.

ಮೊದಲು ಮಣ್ಣಿನ ಲೆಕ್ಕ

ನಮ್ಮ ಉದಾಹರಣೆಯ ಮಡಿ 10 ಮೀಟರ್ ಉದ್ದ, 5 ಮೀಟರ್ ಅಗಲ. ಕಲುಷಿತ ಪದರ 20 ಸೆಂ.ಮೀ. ಗಾತ್ರ 10 ಘನ ಮೀಟರ್. ಒಂದು ಘನ ಮೀಟರಿಗೆ 1.4 ಟನ್ ಒಣ ತೂಕ ಎಂದರೆ 14 ಟನ್ ಮಣ್ಣು. 2,4-ಡಿ ಕಿಲೋಗೆ 500 ಮಿ.ಗ್ರಾಂ.

ನೀರು ಹಿಡಿಯುವ ಸಾಮರ್ಥ್ಯವನ್ನು ಅಳೆಯುವುದು ಸುಲಭ. ಒಣಗಿಸಿ 2 ಮಿ.ಮೀ. ಜರಡಿಯಲ್ಲಿ ಜರಡಿ ಹಿಡಿದ 100 ಗ್ರಾಂ ಮಣ್ಣನ್ನು ಫಿಲ್ಟರ್ ಕಾಗದ ಹಾಕಿದ ಆಲಿಕೆಯಲ್ಲಿ ಪೂರ್ತಿ ನೆನೆಸಿ, ಮೇಲೆ ಮುಚ್ಚಿ, ಒಂದು ರಾತ್ರಿ ನೀರು ಇಳಿಯಲು ಬಿಟ್ಟು ತೂಗಿ. ಒದ್ದೆ ಕಾಗದದ ತೂಕ ಕಳೆಯಲು ಮರೆಯಬೇಡಿ. 30 ಗ್ರಾಂ ಹೆಚ್ಚಾದರೆ ಸಾಮರ್ಥ್ಯ ಶೇ. 30. ನಮಗೆ ಬೇಕಾದ್ದು ಅದರ ಅರ್ಧದಿಂದ ಶೇ. 60ರಷ್ಟು, ಅಂದರೆ 100 ಗ್ರಾಂ ಒಣ ಮಣ್ಣಿಗೆ 15ರಿಂದ 18 ಗ್ರಾಂ ನೀರು. ಈಗಿರುವ ತೇವವನ್ನು 105 ಡಿಗ್ರಿಯಲ್ಲಿ 24 ಗಂಟೆ ಒಣಗಿಸಿ ತಿಳಿಯಿರಿ. 3 ಗ್ರಾಂ ಇದೆ ಎಂದುಕೊಳ್ಳೋಣ.

ಹೆಚ್ಚು ನೀರು ಹಾಕಿದರೆ ಹೆಚ್ಚು ಜೀನ್ ದಾಟುತ್ತದೆ ಎಂಬುದು ತಪ್ಪು ಎಣಿಕೆ. ಇಂಕ್‌ಪಿ ಗುಂಪಿನ ಪೈಲಸ್ ಗಿಡ್ಡ, ಪೆಡಸು. ಕೋಶಗಳು ಒಂದು ಮೇಲ್ಮೈಗೆ ಅಂಟಿ ಕೂತಾಗ ಅದು ಚೆನ್ನಾಗಿ ಕೆಲಸ ಮಾಡುತ್ತದೆ, ನೀರಿನಲ್ಲಿ ತೇಲಾಡುವಾಗ ಬಹಳ ಕಡಿಮೆ. ಮಣ್ಣಿನ ಕಣದ ಮೇಲೆ ತೆಳು ನೀರಿನ ಪದರ ಇರಬೇಕು, ರಂಧ್ರಗಳಲ್ಲಿ ಗಾಳಿಯೂ ಇರಬೇಕು. ಕೆಸರಾದರೆ ಆಮ್ಲಜನಕ ಹೋಗುತ್ತದೆ. 2,4-ಡಿ ಒಡೆಯಲು ಅದು ಬೇಕೇ ಬೇಕು. ಜೊತೆಗೆ 2,4-ಡಿ ನೀರಿನೊಂದಿಗೆ ಸಲೀಸಾಗಿ ಇಳಿಯುವ ವಸ್ತು, ಅತಿ ನೀರು ಅದನ್ನು ಅಂತರ್ಜಲಕ್ಕೆ ತಳ್ಳುತ್ತದೆ. ಹದ ಬೇಕು, ಕೆಸರು ಬೇಡ.

ಒಣ ಮಣ್ಣಿನಲ್ಲಿ ಎಲ್ಲರೂ ಎಡವುವ ಲೆಕ್ಕ ಇನ್ನೊಂದಿದೆ. ಪ್ರಯೋಗಾಲಯದ ವರದಿ ವಿಷವನ್ನು ಕಿಲೋ ಮಣ್ಣಿಗೆ ಇಷ್ಟು ಎನ್ನುತ್ತದೆ, ಬ್ಯಾಕ್ಟೀರಿಯಾಕ್ಕೆ ಸಿಗುವುದು ನೀರಿನಲ್ಲಿ ಕರಗಿದ ಸಾಂದ್ರತೆ. ಕಿಲೋಗೆ 500 ಮಿ.ಗ್ರಾಂ ಇರುವ 2,4-ಡಿ ಬಹುಪಾಲು ಕರಗಿದರೆ, ಶೇ. 15 ತೇವದಲ್ಲಿ ಲೀಟರಿಗೆ ಸುಮಾರು 3,300 ಮಿ.ಗ್ರಾಂ. ತೇವ ಶೇ. 5ಕ್ಕೆ ಇಳಿದರೆ ಅದೇ 10,000. ಬೆಳಿಗ್ಗೆ ಊಟವಾಗಿದ್ದದ್ದು ಸಂಜೆಗೆ ವಿಷವಾಗುತ್ತದೆ. ಉಪ್ಪು, ಗೊಬ್ಬರಗಳ ಕಥೆಯೂ ಹೀಗೇ. ಆದ್ದರಿಂದ ಕಿಲೋಗೆ 1,000 ಮಿ.ಗ್ರಾಂ ದಾಟಿದ ಮಣ್ಣನ್ನು ಪಕ್ಕದ ಕಡಿಮೆ ಕಲುಷಿತ ಮಣ್ಣಿನೊಂದಿಗೆ ಬೆರೆಸಿ ಇಳಿಸಿಕೊಳ್ಳುವುದು ಒಳ್ಳೆಯದು. ತೀರ ಕಡಿಮೆ ಇದ್ದರೂ ತೊಂದರೆ: ಪ್ಲಾಸ್ಮಿಡ್ ಹೊತ್ತ ಕೋಶಕ್ಕೆ ಲಾಭವಿಲ್ಲದಿದ್ದರೆ ಅದು ಹೆಚ್ಚುವುದಿಲ್ಲ.

ಗೊಬ್ಬರಕ್ಕೆ ಇಂಗಾಲ, ಸಾರಜನಕ, ರಂಜಕ 100:10:1 ಎಂಬ ಪ್ರಮಾಣ ಸಾಮಾನ್ಯ. 2,4-ಡಿಯ ತೂಕದಲ್ಲಿ ಇಂಗಾಲ ಸುಮಾರು ಶೇ. 43, ಕಿಲೋಗೆ 217 ಮಿ.ಗ್ರಾಂ ಇಂಗಾಲಕ್ಕೆ 22 ಮಿ.ಗ್ರಾಂ ಸಾರಜನಕ. ಯೂರಿಯಾದಲ್ಲಿ ಸಾರಜನಕ ಶೇ. 46 ಇರುವುದರಿಂದ 14 ಟನ್ನಿಗೆ ಮುಕ್ಕಾಲು ಕಿಲೋ ಯೂರಿಯಾವೂ ಬೇಡ. ಮಣ್ಣಿನಲ್ಲೇ ಅಷ್ಟು ಸಾರಜನಕ ಇದ್ದರೆ ಏನೂ ಹಾಕಬೇಡಿ. ಡೀಸೆಲ್ ಆದರೆ ಪರಿಸ್ಥಿತಿ ತಿರುಗುಮುರುಗು. ಕಿಲೋಗೆ 10,000 ಮಿ.ಗ್ರಾಂ ಡೀಸೆಲ್ಲಿಗೆ 850 ಮಿ.ಗ್ರಾಂ ಸಾರಜನಕ ಬೇಕೆಂದು ಲೆಕ್ಕ ಹೇಳುತ್ತದೆ; ಅದನ್ನು ಒಮ್ಮೆಗೇ ಹಾಕಿದರೆ ಮಣ್ಣಿನ ನೀರು ಉಪ್ಪುನೀರಾಗಿ ಕೋಶಗಳು ಬಾಡುತ್ತವೆ. ಮಣ್ಣಿನ ನೀರಿನ ಲೀಟರಿಗೆ 2,000 ಮಿ.ಗ್ರಾಂ ಸಾರಜನಕ ದಾಟಬಾರದು. ಶೇ. 15 ತೇವದಲ್ಲಿ ಅದು ಕಿಲೋ ಮಣ್ಣಿಗೆ 300 ಮಿ.ಗ್ರಾಂ. ಹಾಗಾಗಿ ಮೂರು ಕಂತು ಮಾಡಿ, ಹಿಂದಿನ ಕಂತು ಖರ್ಚಾದದ್ದು ನೋಡಿಕೊಂಡೇ ಮುಂದಿನದು. ಸುಣ್ಣ ಹೆಚ್ಚಿರುವ ಕ್ಷಾರ ಮಣ್ಣಿನಲ್ಲಿ ಯೂರಿಯಾ ಮೇಲೇ ಬಿದ್ದರೆ ಅಮೋನಿಯಾ ಆಗಿ ಹಾರುತ್ತದೆ. ನೀರಿನಲ್ಲಿ ಕರಗಿಸಿ ಒಳಗೆ ಇಳಿಸಿ.

ರಸಸಾರ (ಪಿಎಚ್) 6.5ರಿಂದ 8ರೊಳಗೆ ಇದ್ದರೆ ಮುಟ್ಟಬೇಡಿ. 2,4-ಡಿಯ ಒಂದು ಅಣು ಒಡೆದಾಗ ಎರಡು ಅಣು ಹೈಡ್ರೋಕ್ಲೋರಿಕ್ ಆಮ್ಲ ಹುಟ್ಟುತ್ತದೆ. ಕಿಲೋಗೆ 500 ಮಿ.ಗ್ರಾಂ ಒಡೆದರೆ ಅದನ್ನು ತಣಿಸಲು ಸುಮಾರು 225 ಮಿ.ಗ್ರಾಂ ಸುಣ್ಣದಕಲ್ಲಿನ ಪುಡಿ ಸಾಕು, ಒಣನೆಲದ ಮಣ್ಣುಗಳಲ್ಲಿ ಅದು ಬಹುತೇಕ ಮೊದಲೇ ಇರುತ್ತದೆ. ವಿದ್ಯುತ್ ವಾಹಕತೆ ಮೀಟರಿಗೆ 4 ಡೆಸಿಸೀಮನ್ಸ್ ದಾಟಿದ್ದರೆ ಮಣ್ಣು ಸವಳು. 8 ದಾಟಿದ್ದರೆ ಮೊದಲು ಉಪ್ಪಿನ ಸಮಸ್ಯೆಯನ್ನೇ ಬಗೆಹರಿಸಿ.

ಜಾಡಿ ಪರೀಕ್ಷೆ ಇಲ್ಲದೆ ಮುಂದೆ ಹೋಗಬೇಡಿ

ಅರ್ಧ ಲೀಟರ್ ಜಾಡಿಗಳಲ್ಲಿ 100 ಗ್ರಾಂ ಒಣ ತೂಕದ ಮಣ್ಣು. ಆರು ಬಗೆ, ಪ್ರತಿಯೊಂದಕ್ಕೂ ಮೂರು ಜಾಡಿ: (1) ಹಾಗೇ ಬಿಟ್ಟ ಒಣ ಮಣ್ಣು; (2) ಬರೀ ನೀರು; (3) ನೀರು ಮತ್ತು ಗೊಬ್ಬರ; (4) ನೀರು, ಗೊಬ್ಬರ ಮತ್ತು ದಾನಿ; (5) ನೀರು, ಗೊಬ್ಬರ ಮತ್ತು ಕುದಿಸಿ ಕೊಂದ ದಾನಿ; (6) ಮೂರು ದಿನ ದಿನಕ್ಕೊಮ್ಮೆ ಆಟೋಕ್ಲೇವ್ ಮಾಡಿದ (ಒತ್ತಡದ ಆವಿಯಲ್ಲಿ ಕ್ರಿಮಿಶುದ್ಧಗೊಳಿಸಿದ) ಮಣ್ಣಿಗೆ ನೀರು. ತೇವವನ್ನು ಎರಡು ದಿನಕ್ಕೊಮ್ಮೆ ತೂಗಿ ಸರಿಮಾಡಿ. 0, 3, 7, 14, 28, 42ನೇ ದಿನ ಮಾದರಿ ತೆಗೆಯಿರಿ.

ಕೊಂದ ದಾನಿಯ ಜಾಡಿ ಏಕೆಂದರೆ ಸತ್ತ ಕೋಶಗಳೂ ಗೊಬ್ಬರವೇ. ಅವನ್ನು ತಿಂದು ಸ್ಥಳೀಯ ಜೀವಿಗಳು ಚುರುಕಾದದ್ದನ್ನು ಜೀನ್ ದಾಟಿದ ಫಲ ಎಂದು ಓದಿಬಿಡುವ ಅಪಾಯವಿದೆ. ಕ್ರಿಮಿಶುದ್ಧ ಜಾಡಿ ಆವಿಯಾಗಿ, ಅಂಟಿಕೊಂಡು ಕಾಣೆಯಾದದ್ದನ್ನು ತೋರಿಸುತ್ತದೆ. ಟಾಲ್ವೀನ್‌ನಂಥ ಹಾರುವ ವಸ್ತುಗಳಿಗೆ ಈ ಜಾಡಿ ಇಲ್ಲದ ಪ್ರಯೋಗಕ್ಕೆ ಬೆಲೆಯೇ ಇಲ್ಲ.

ಮೂರನೆಯ ಮತ್ತು ನಾಲ್ಕನೆಯ ಬಗೆಯ ನಡುವೆ ಅಂತರವಿಲ್ಲದಿದ್ದರೆ ಆ ಮಣ್ಣಿಗೆ ದಾನಿ ಬೇಡ. ಇದು ಅಪರೂಪವಲ್ಲ. ತೇವವಿರುವ ಮಣ್ಣಿನಲ್ಲಿ 2,4-ಡಿ ಒಂದೆರಡು ವಾರದಲ್ಲೇ ಅರ್ಧಕ್ಕೆ ಇಳಿಯುವುದು ಸಾಮಾನ್ಯ. ಒಣಗಿದ್ದೇ ಅದು ನಿಂತದ್ದಕ್ಕೆ ಕಾರಣವಾದರೆ ನೀರಷ್ಟೇ ಮದ್ದು. ಆಗ ಜೀನ್ ದಾಟಿಸುವ ಯೋಜನೆಯನ್ನು ಕೈಬಿಟ್ಟು ಹಣವನ್ನೆಲ್ಲ ನೀರಿಗೆ, ಹೊದಿಕೆಗೆ ಹಾಕಿ.

ದಾನಿಯನ್ನು ಬೆಳೆಸುವುದು

ದಾನಿಗಳಲ್ಲಿ ಎರಡು ಬಗೆ. ಜೆಎಂಪಿ134 ತಾನೇ 2,4-ಡಿ ತಿಂದು ಬೆಳೆಯುತ್ತದೆ, ಹಾಕಿದೊಡನೆ ವಿಷ ಇಳಿಯುತ್ತದೆ. ಆದರೆ ವಿಷವನ್ನು ಅದೇ ತಿಂದು ಮುಗಿಸಿದರೆ ಪ್ಲಾಸ್ಮಿಡ್ ಪಡೆದ ಸ್ಥಳೀಯ ಜೀವಿಗಳಿಗೆ ಉಳಿಯುವುದೇನು? ಇನ್ನೊಂದು ಬಗೆ ಎಂದರೆ ಪಿಜೆಪಿ4 ಹೊತ್ತಿದ್ದರೂ ತಾನು 2,4-ಡಿಯ ಮೇಲೆ ಬೆಳೆಯಲಾರದ ಇ. ಕೋಲೈ ಪ್ರಯೋಗಾಲಯ ತಳಿ. ಒಡೆತವನ್ನು ಪೂರ್ತಿ ಮಾಡುವ, ವರ್ಣತಂತುವಿನಲ್ಲಿರಬೇಕಾದ ಜೀನ್‌ಗಳು ಅದಕ್ಕಿಲ್ಲ. ಅದು ಮಣ್ಣಿನಲ್ಲಿ ಬೇಗ ಸಾಯುತ್ತದೆ, ಅಷ್ಟರಲ್ಲಿ ಪ್ಲಾಸ್ಮಿಡ್ ದಾಟಿಸಿರುತ್ತದೆ. ದೀರ್ಘಕಾಲದ ಕೆಲಸಕ್ಕೆ ನಮ್ಮ ಒಲವು ಎರಡನೆಯದರ ಕಡೆಗೆ. ಎಣಿಕೆಗೂ ಅದು ಅನುಕೂಲ: 2,4-ಡಿ ಒಂದೇ ಆಹಾರವಿರುವ ಅಗರ್ (ಬ್ಯಾಕ್ಟೀರಿಯಾ ಬೆಳೆಸುವ ಗಟ್ಟಿ ಲೋಳೆ) ತಟ್ಟೆಯಲ್ಲಿ ದಾನಿ ಬೆಳೆಯದು, ಪಡೆದವು ಮಾತ್ರ ಬೆಳೆಯುತ್ತವೆ. ಸಾಯುವ ಮೊದಲು ದಾಟಿಸಬೇಕಾದ್ದರಿಂದ ಅದಕ್ಕೆ ಮೊದಲ ಕೆಲವು ದಿನಗಳ ಹದ ಪ್ರಾಣದಷ್ಟು ಮುಖ್ಯ.

ಜೆಎಂಪಿ134ಕ್ಕೆ ಲೀಟರಿಗೆ ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್ 6 ಗ್ರಾಂ, ಪೊಟ್ಯಾಸಿಯಂ ಡೈಹೈಡ್ರೋಜನ್ ಫಾಸ್ಫೇಟ್ 3 ಗ್ರಾಂ, ಉಪ್ಪು ಅರ್ಧ ಗ್ರಾಂ, ಅಮೋನಿಯಂ ಕ್ಲೋರೈಡ್ 1 ಗ್ರಾಂ ಹಾಕಿ ಆಟೋಕ್ಲೇವ್ ಮಾಡಿ. ಮೆಗ್ನೀಸಿಯಂ ಸಲ್ಫೇಟ್ 0.25 ಗ್ರಾಂ, ಚಿಟಿಕೆ ಕ್ಯಾಲ್ಸಿಯಂ ಕ್ಲೋರೈಡ್, ಕಬ್ಬಿಣವಿರುವ ಲಘು ಖನಿಜ ದ್ರಾವಣಗಳನ್ನು ಬೇರೆಯಾಗಿ ಶುದ್ಧಿಮಾಡಿ ತಣ್ಣಗಾದ ಮೇಲೆ ಸೇರಿಸಿ. ಒಟ್ಟಿಗೆ ಕಾಯಿಸಿದರೆ ಬಿಳಿ ಗಸಿ ಕಟ್ಟುತ್ತದೆ. ಆಹಾರಕ್ಕೆ ಸೋಡಿಯಂ ಸಕ್ಸಿನೇಟ್ 2 ಗ್ರಾಂ, ಪ್ಲಾಸ್ಮಿಡ್ ಬಿಟ್ಟ ಕೋಶಗಳು ಮೇಲುಗೈ ಸಾಧಿಸದಂತೆ 2,4-ಡಿ 250 ಮಿ.ಗ್ರಾಂ. 2,4-ಡಿ ಆಮ್ಲದ ರೂಪದಲ್ಲಿ ನೀರಿಗೆ ಸರಿಯಾಗಿ ಕರಗದು, ಸೋಡಿಯಂ ಹೈಡ್ರಾಕ್ಸೈಡಿನಲ್ಲಿ ಕರಗಿಸಿ ಪಿಎಚ್ 7ಕ್ಕೆ ತಂದು ಹಾಕಿ. 30 ಡಿಗ್ರಿ, ನಿಮಿಷಕ್ಕೆ 150ರಿಂದ 200 ಸುತ್ತಿನ ಅಲುಗಾಟ, 24ರಿಂದ 36 ಗಂಟೆ. ಇ. ಕೋಲೈ ದಾನಿಗೆ ಸಾಮಾನ್ಯ ಪೋಷಕ ಸಾರು ಸಾಕು. ಪ್ಲಾಸ್ಮಿಡ್ ಉಳಿದಿದೆಯೇ ಎಂಬುದನ್ನು ಟಿಎಫ್‌ಡಿ ಜೀನನ್ನು ನಕಲಿಸಿ ಪತ್ತೆಹಚ್ಚುವ ಪಿಸಿಆರ್‌ನಿಂದ ನೋಡಬೇಕು.

ಮಿಲಿಲೀಟರಿಗೆ ಸುಮಾರು 100 ಕೋಟಿ ಕೋಶ ಬಂದಾಗ ಸೆಂಟ್ರಿಫ್ಯೂಜ್ ಮಾಡಿ, ಶೇ. 0.85 ಉಪ್ಪುನೀರಿನಲ್ಲಿ ಎರಡು ಸಲ ತೊಳೆಯಿರಿ. ತೊಳೆಯದೆ ಸುರಿದರೆ ಸಾರಿನ ಸಕ್ಸಿನೇಟ್, ಪೆಪ್ಟೋನ್‌ಗಳನ್ನೇ ಮಣ್ಣಿನ ಜೀವಿಗಳೆಲ್ಲ ತಿಂದು, ವಿಷದ ಕಡೆ ತಿರುಗಿಯೂ ನೋಡುವುದಿಲ್ಲ. ತೊಳೆದದ್ದನ್ನು ಅದೇ ದಿನ ಬಳಸಿ.

ಆ ಮಣ್ಣಿನ ಜೀವಿಗಳು ಪ್ಲಾಸ್ಮಿಡ್ ಒಪ್ಪುತ್ತವೆಯೇ ಎಂಬುದನ್ನು ಫಿಲ್ಟರ್ ಮೇಲೆ ಮೊದಲೇ ಪರೀಕ್ಷಿಸಿ. 10 ಗ್ರಾಂ ಮಣ್ಣನ್ನು 95 ಮಿ.ಲೀ. ಉಪ್ಪುನೀರಿನಲ್ಲಿ ಅಲುಗಾಡಿಸಿ, ಮರಳು ತಳಕ್ಕೆ ಕೂತ ಮೇಲೆ ಮೇಲಿನ ನೀರು 1 ಮಿ.ಲೀ., ದಾನಿ 1 ಮಿ.ಲೀ. ಬೆರೆಸಿ 0.45 ಮೈಕ್ರಾನ್ ಫಿಲ್ಟರಿನಲ್ಲಿ ಹೀರಿ. ಫಿಲ್ಟರನ್ನು ಆರ್2ಎ ಎಂಬ ಕಡಿಮೆ ಪೋಷಕಾಂಶದ ಅಗರ್ ಮೇಲಿಟ್ಟು 28 ಡಿಗ್ರಿಯಲ್ಲಿ 24 ಗಂಟೆ. ಕೋಶಗಳನ್ನು ಕದಡಿ ತೆಗೆದು, 2,4-ಡಿ ಲೀಟರಿಗೆ 500 ಮಿ.ಗ್ರಾಂ, ಇಯೋಸಿನ್ 0.4 ಗ್ರಾಂ, ಮೆಥಿಲೀನ್ ಬ್ಲೂ 0.065 ಗ್ರಾಂ ಇರುವ ಖನಿಜ ಅಗರ್ ಮೇಲೆ ಹರಡಿ. 2,4-ಡಿ ಒಡೆಯುವ ಗುಂಪುಗಳು (ತಟ್ಟೆಯ ಮೇಲೆ ಚುಕ್ಕೆಯಂತೆ ಬೆಳೆದ ಬ್ಯಾಕ್ಟೀರಿಯಾ) ಆಮ್ಲ ಹುಟ್ಟಿಸಿ ಕಡುನೇರಳೆಯಾಗುತ್ತವೆ. ದಾನಿ ಮಾತ್ರ, ಮಣ್ಣಿನ ಜೀವಿ ಮಾತ್ರ ಇರುವ ಫಿಲ್ಟರುಗಳೂ ಜೊತೆಗಿರಲಿ. ಮಣ್ಣಿನ ಜೀವಿಗಳಷ್ಟೇ ಇರುವ ತಟ್ಟೆಯಲ್ಲೂ ನೇರಳೆ ಬಂದರೆ ಅಲ್ಲಿ ಮೊದಲೇ ಒಡೆಯುವವು ಇವೆ. ಎಲ್ಲೂ ಬಾರದಿದ್ದರೆ, ಸ್ಥಳೀಯ ಜೀವಿಗಳಲ್ಲಿ ಅದೇ ಇಂಕ್‌ಪಿ-1 ಗುಂಪಿನ ಬೇರೊಂದು ಪ್ಲಾಸ್ಮಿಡ್ ಕೂತು ಹೊಸದನ್ನು ತಡೆಯುತ್ತಿರಬಹುದು, ಇಲ್ಲವೇ ಪಡೆದರೂ ಜೀನ್ ಕೆಲಸಮಾಡದ ಜಾತಿಗಳೇ ಹೆಚ್ಚಿರಬಹುದು. ಆಗ ದಾನಿಯನ್ನೋ ಪ್ಲಾಸ್ಮಿಡ್ಡನ್ನೋ ಬದಲಿಸಿ.

ಬೀಜಮಣ್ಣು: ಕೆಲಸದ ತಿರುಳು

ದಾನಿಯನ್ನು ನೇರವಾಗಿ 14 ಟನ್ನಿಗೆ ಚಿಮುಕಿಸಬೇಡಿ. ಕಾಂಜುಗೇಷನ್ನಿನ ವೇಗ ದಾನಿ ಮತ್ತು ಪಡೆಯುವವುಗಳ ಸಾಂದ್ರತೆಗಳ ಗುಣಲಬ್ಧಕ್ಕೆ ತಕ್ಕಂತೆ ಏರುತ್ತದೆ. ಇರುವ ದಾನಿಯನ್ನು ಇಪ್ಪತ್ತು ಪಟ್ಟು ಮಣ್ಣಿಗೆ ಹಂಚಿದರೆ ಪ್ರತಿ ಗ್ರಾಂನಲ್ಲಿ ಭೇಟಿಗಳು ಇಪ್ಪತ್ತರಲ್ಲೊಂದು ಪಾಲಾಗುತ್ತವೆ, ಆ ಭೇಟಿಗಳೂ ಒಣಗುತ್ತಿರುವ ಬಯಲಿನಲ್ಲಿ. ಅದರ ಬದಲು ಮಡಿಯ ಮಣ್ಣಿನಲ್ಲಿ ಇಪ್ಪತ್ತರಲ್ಲೊಂದು ಪಾಲು, 700 ಕಿಲೋ, ನೆರಳಿಗೆ ತಂದು ಅಲ್ಲೇ ಜೀನ್ ದಾಟಿಸಿ, ಪಡೆದ ಜೀವಿಗಳು ತುಂಬಿದ ಆ ಮಣ್ಣನ್ನು ಬೀಜದಂತೆ ಮಡಿಗೆ ಹಾಕಿ.

ತಳಕ್ಕೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ 30 ಸೆಂ.ಮೀ. ಎತ್ತರಕ್ಕೆ ಹರಡಿ. ಶೇ. 3ರಿಂದ ಶೇ. 18ಕ್ಕೆ ತರಲು ಸುಮಾರು 105 ಲೀಟರ್ ನೀರು ಬೇಕು. ಮೊದಲ 75 ಲೀಟರನ್ನು ಎರಡು ದಿನದಲ್ಲಿ ಸ್ವಲ್ಪಸ್ವಲ್ಪವಾಗಿ ಕೊಡಿ. ಒಣಗಿದ ಕೋಶಗಳು ಒಳಗೆ ಸಕ್ಕರೆಯಂಥ ವಸ್ತುಗಳನ್ನು ತುಂಬಿಕೊಂಡಿರುತ್ತವೆ. ಒಮ್ಮೆಗೇ ನೀರು ಬಿದ್ದರೆ ಅದು ಒಳನುಗ್ಗಿ ಹಲವು ಒಡೆಯುತ್ತವೆ, ಸಾಯುವವು ನೀವು ಜೀನ್ ಕೊಡಬೇಕೆಂದಿದ್ದ ಜೀವಿಗಳೇ. ನಲ್ಲಿ ನೀರಾದರೆ ಕ್ಲೋರಿನ್ ತೆಗೆಯಿರಿ: ಒಂದು ದಿನ ತೆರೆದ ತೊಟ್ಟಿಯಲ್ಲಿ ಬಿಡಿ, ಇಲ್ಲವೇ ಲೀಟರಿಗೆ 1 ಮಿ.ಗ್ರಾಂ ಕ್ಲೋರಿನ್ನಿಗೆ 10 ಮಿ.ಗ್ರಾಂ ಸೋಡಿಯಂ ಥಯೋಸಲ್ಫೇಟ್ ಹಾಕಿ. ಕ್ಲೋರಮೀನ್ ಬಳಸಿದ ನೀರಿಗೆ ತೆರೆದಿಡುವುದು ಸಾಲದು, ಥಯೋಸಲ್ಫೇಟೇ ಬೇಕು.

ನೆನೆದ ಒಣ ಮಣ್ಣು ಮೊದಲ ಒಂದೆರಡು ದಿನ ಜೋರಾಗಿ ಉಸಿರಾಡುತ್ತದೆ. ಜೀವಿಗಳು ಎಚ್ಚೆತ್ತ ಗುರುತು ಅದು. ಮೂರನೆಯ ದಿನ ದಾನಿ ಹಾಕಲು ಸಮಯ. ಗ್ರಾಂಗೆ 1 ಕೋಟಿ ಕೋಶದಂತೆ 700 ಕಿಲೋಗೆ 7 ಲಕ್ಷ ಕೋಟಿ ಕೋಶ ಬೇಕು, ಅಂದರೆ ಮೇಲಿನ ಸಾಂದ್ರತೆಯ 7 ಲೀಟರ್ ಸಾರಿನ ಕೋಶಗಳು; ನಷ್ಟ ಸೇರಿಸಿ 10 ಲೀಟರ್ ಬೆಳೆಸಿ. ಉಳಿದ 30 ಲೀಟರ್ ನೀರಿನಲ್ಲಿ ಬೆರೆಸಿ ಎರಚುತ್ತ, ಗುದ್ದಲಿಯಿಂದ ತಿರುವುತ್ತ ಹೋಗಿ. ಸ್ವಚ್ಛವಾದ ಕಾಂಕ್ರೀಟ್ ಮಿಕ್ಸರ್ ಇದ್ದರೆ ಇನ್ನೂ ಚೆನ್ನ. ನೆನೆದ ಮಣ್ಣಿನಲ್ಲಿ ಪ್ರೋಟೊಜೋವಾಗಳೂ ಕೆಲವೇ ದಿನದಲ್ಲಿ ಹೆಚ್ಚಿ ಸಡಿಲವಾಗಿ ತೇಲುವ ಬ್ಯಾಕ್ಟೀರಿಯಾಗಳನ್ನು ಮೇಯುತ್ತವೆ. ತೂಕದ ಶೇ. 1ರಿಂದ 2ರಷ್ಟು ಇದ್ದಿಲ ಪುಡಿಗೆ ದಾನಿಯನ್ನು ಮೊದಲು ಹೀರಿಸಿದರೆ ಸಣ್ಣ ರಂಧ್ರಗಳಲ್ಲಿ ಅವು ಬದುಕುತ್ತವೆ, ನೀರೂ ನಿಲ್ಲುತ್ತದೆ. ಇದ್ದಿಲು ಅತಿಯಾದರೆ 2,4-ಡಿಯನ್ನೇ ಹೀರಿ ಕೂರಿಸಿಬಿಡುತ್ತದೆ, ವರದಿಯಲ್ಲಿ ಇಳಿದಂತೆ ಕಾಣುತ್ತದೆ, ಒಡೆದಿರುವುದಿಲ್ಲ.

25ರಿಂದ 30 ಡಿಗ್ರಿ ಇರಲಿ, ಮೇಲೆ ಹಾಳೆ ಸಡಿಲವಾಗಿ ಹೊದಿಸಿ, ಮೂರು ದಿನಕ್ಕೊಮ್ಮೆ ತಿರುವಿ. 3, 7, 14, 21ನೇ ದಿನ ನೇರಳೆ ಗುಂಪುಗಳನ್ನು ಎಣಿಸಿ. ಫಿಲ್ಟರಿನಲ್ಲಿ ಕಂಡ ಪ್ರಮಾಣವನ್ನು ಮಣ್ಣಿನಲ್ಲಿ ನಿರೀಕ್ಷಿಸಬೇಡಿ, ಅಲ್ಲಿ ಅದು ಬಹಳ ಕಡಿಮೆ ಇರುತ್ತದೆ. ಮೊದಲು ದಾಟುವವು ಬೆರಳೆಣಿಕೆಯಾದರೂ ವಿಷ ತಿಂದು ಅವು ಹೆಚ್ಚುತ್ತವೆ. ಗ್ರಾಂಗೆ 1 ಲಕ್ಷ ದಾಟಿ, 2,4-ಡಿ ಅರ್ಧಕ್ಕಿಳಿದಿದ್ದರೆ ಬೀಜಮಣ್ಣು ಸಿದ್ಧವಾಗುತ್ತಿದೆ ಎಂದರ್ಥ. ಎಣಿಕೆ ಸಾಲದೆ ವಿಷ ಮುಗಿಯುತ್ತ ಬಂದರೆ, ಮಡಿಯ ಹೆಚ್ಚು ಕಲುಷಿತ ಮೂಲೆಯ ಮಣ್ಣನ್ನು ಸ್ವಲ್ಪ ಸೇರಿಸಿ ಮತ್ತೆ ಉಣಿಸಿ. ಹೊಸ ರಾಸಾಯನಿಕ ತಂದು ಹಾಕುವ ಅಗತ್ಯವಿಲ್ಲ.

ಕೊನೆಯ ವಾರದಲ್ಲಿ ಒಮ್ಮೆ ತೇವವನ್ನು ನಿಧಾನವಾಗಿ ಸಾಮರ್ಥ್ಯದ ಶೇ. 35ಕ್ಕೆ ಇಳಿಸಿ, ಮತ್ತೆ ಏರಿಸಿ, ಎಣಿಸಿ. ಬಯಲಿನಲ್ಲಿ ಬದುಕಬಲ್ಲ ಸಂಖ್ಯೆ ಇದೇ. ಸ್ಥಳೀಯ ಜೀವಿಗಳಲ್ಲಿ ಪ್ಲಾಸ್ಮಿಡ್ ಕೂತಿದ್ದರೆ ಈ ಎಣಿಕೆ ಹೆಚ್ಚು ಬೀಳುವುದಿಲ್ಲ. ಹತ್ತರಲ್ಲೊಂದು ಪಾಲೂ ಉಳಿಯದಿದ್ದರೆ ಇನ್ನೆರಡು ವಾರ ತಡೆಯಿರಿ.

ಮಡಿಗೆ ಹಾಕುವುದು

ಮೂರು ದಿನ ಮೊದಲು ಮಡಿಗೆ ಕಂತುಕಂತಾಗಿ ನೀರು ಕೊಡಿ. ಶೇ. 3ರಿಂದ 15ಕ್ಕೆ ತರಲು 14 ಟನ್ನಿಗೆ ಸುಮಾರು 1,680 ಲೀಟರ್, 50 ಚದರ ಮೀಟರಿಗೆ ಅದು 34 ಮಿ.ಮೀ. ಮಳೆಗೆ ಸಮ. ಬಿಸಿಲಿಗೆ ಒಡ್ಡಿದ ಒಣ ಮಣ್ಣಿನ ಮೇಲ್ಮೈ 50 ಡಿಗ್ರಿ ದಾಟುತ್ತದೆ. ಹೊತ್ತಿಳಿದ ಮೇಲೆ ಬೀಜಮಣ್ಣನ್ನು ಚದರ ಮೀಟರಿಗೆ 14 ಕಿಲೋದಂತೆ ಹರಡಿ, ಆಗಲೇ 15 ಸೆಂ.ಮೀ. ಆಳಕ್ಕೆ ಬೆರೆಸಿ, 5ರಿಂದ 7 ಸೆಂ.ಮೀ. ಹುಲ್ಲಿನ ಹೊದಿಕೆ ಹಾಸಿ. ಹುಲ್ಲು ಮೇಲೆಯೇ ಇರಲಿ. ಮಣ್ಣಿಗೆ ಬೆರೆತರೆ ಅದನ್ನು ಕೊಳೆಸಲು ಜೀವಿಗಳು ಸಾರಜನಕವನ್ನೆಲ್ಲ ಹಿಡಿದಿಡುತ್ತವೆ.

ಹೊದಿಕೆಯ ಕೆಳಗೆ ಹನಿ ನೀರಾವರಿ ಕೊಳವೆ ಎಳೆಯಿರಿ. ಮೊದಲ ಹತ್ತು ದಿನ ತೇವ ಸಾಮರ್ಥ್ಯದ ಅರ್ಧಕ್ಕಿಂತ ಕೆಳಗೆ ಬೀಳದಿರಲಿ. ಈ ಹತ್ತು ದಿನ ನೋಡಿಕೊಳ್ಳಲು ಆಳಿಲ್ಲದಿದ್ದರೆ ಕೆಲಸ ಮುಂದೂಡುವುದೇ ಮೇಲು. ಆಮೇಲೆ ಸಾಮರ್ಥ್ಯದ ಶೇ. 35ರಿಂದ 40ಕ್ಕೆ ಇಳಿದಾಗ ನೀರು ಕೊಟ್ಟರೆ ಸಾಕು. ಎರಡು ವಾರಕ್ಕೊಮ್ಮೆ ಹೊದಿಕೆ ಸರಿಸಿ ಮೇಲಿನ ಒಣ ಪದರವನ್ನು ಒಳಕ್ಕೆ ತಿರುವಿ. ಇಲ್ಲದಿದ್ದರೆ ಮೇಲಿನ ಎರಡು ಸೆಂ.ಮೀ.ನಲ್ಲಿ ಆವಿಯಾಗುವ ನೀರಿನ ಜೊತೆ ಮೇಲೇರಿದ 2,4-ಡಿ ಮತ್ತು ಉಪ್ಪು ಹೆಪ್ಪುಗಟ್ಟಿ ನಿಲ್ಲುತ್ತವೆ. ವಿಷ ಕಿಲೋಗೆ 100 ಮಿ.ಗ್ರಾಂಗಿಂತ ಸಾಕಷ್ಟು ಇಳಿದ ಮೇಲೆ ಬರ ತಾಳುವ ಹುಲ್ಲು ಬಿತ್ತಬಹುದು. ಬೇರು ಒಸರುವ ಸಾರದಲ್ಲಿ ಬ್ಯಾಕ್ಟೀರಿಯಾ ಒತ್ತಾಗಿ ಬೆಳೆಯುವುದರಿಂದ ಜೀನ್ ದಾಟುವುದೂ ಹೆಚ್ಚುತ್ತದೆ. ಅಗಲ ಎಲೆಯ ಗಿಡ ಬೇಡ, 2,4-ಡಿ ಮೊದಲು ಕೊಲ್ಲುವುದು ಅವನ್ನೇ.

ಏನನ್ನು ಅಳೆಯಬೇಕು, ಏನು ಕೆಡುತ್ತದೆ

ಪ್ರತಿ ಸಲ ಅಂಕುಡೊಂಕಾಗಿ ನಡೆಯುತ್ತ 10ರಿಂದ 12 ಕಡೆ ಮಣ್ಣು ತೆಗೆದು ಬೆರೆಸಿ ಒಂದು ಮಾದರಿ ಮಾಡಿ. ಜೊತೆಗೆ 40ರಿಂದ 60 ಸೆಂ.ಮೀ. ಆಳದಿಂದ ಬೇರೆ ಮಾದರಿ. ಮೇಲೆ ವಿಷ ಇಳಿದು ಆಳದಲ್ಲಿ ಏರಿದ್ದರೆ ಶುದ್ಧಿಯಾಗಿಲ್ಲ, ತಳಕ್ಕೆ ತೊಳೆದುಹೋಗಿದೆ. ಕೂಡಲೇ ನೀರು ಕಡಿಮೆ ಮಾಡಿ. 100 ಮಿ.ಗ್ರಾಂ 2,4-ಡಿ ಪೂರ್ತಿ ಒಡೆದರೆ 32 ಮಿ.ಗ್ರಾಂ ಕ್ಲೋರೈಡ್ ಹೊರಬರುತ್ತದೆ, ಒಡೆತಕ್ಕೆ ಇದು ಒಳ್ಳೆಯ ಸಾಕ್ಷಿ. ಆದರೆ ಸವಳು ಮಣ್ಣಿನಲ್ಲಿ ಮೊದಲೇ ಇರುವ ಕ್ಲೋರೈಡ್ ಇದನ್ನು ಮುಚ್ಚಿಹಾಕುತ್ತದೆ, ಅಲ್ಲಿ ಈ ಅಳತೆಯನ್ನು ನಂಬಬೇಡಿ.

ಟಿಎಫ್‌ಡಿ ಜೀನಿನ ಪ್ರತಿಗಳನ್ನು, ಅವನ್ನು ಎಣಿಸುವ ಪಿಸಿಆರ್ ಆದ ಕ್ಯೂಪಿಸಿಆರ್‌ನಲ್ಲಿ ನೋಡುವಾಗ ತಟ್ಟೆಯ ಎಣಿಕೆಯನ್ನೂ ಜೊತೆಗಿಡಿ. ಸತ್ತ ದಾನಿಯ ಡಿಎನ್‌ಎ ಒಣ ಮಣ್ಣಿನಲ್ಲಿ ಜೇಡಿಗೆ ಅಂಟಿ ಬಹುಕಾಲ ಉಳಿಯುತ್ತದೆ. ಜೀನ್ ಇದೆ ಎಂದ ಮಾತ್ರಕ್ಕೆ ಅದು ಜೀವಂತ ಕೋಶದಲ್ಲಿದೆ ಎಂದಲ್ಲ. ನೇರಳೆ ಗುಂಪುಗಳಲ್ಲಿ ಕೆಲವನ್ನು, ಜಾತಿ ತಿಳಿಸುವ 16ಎಸ್ ಜೀನಿನಿಂದ ಗುರುತಿಸಿ. ಎಲ್ಲವೂ ದಾನಿಯ ಜಾತಿಯೇ ಆದರೆ ಏನೂ ದಾಟಿಲ್ಲ.

ಮಡಿಯಿಂದ ಆಸ್ಪತ್ರೆಯ ಔಷಧಿಯಂಥ ಘಾಟು ಬಂದರೆ 2,4-ಡೈಕ್ಲೋರೊಫೀನಾಲ್ ಕೂಡುತ್ತಿದೆ. ಒಡೆತದ ಮೊದಲ ಹೆಜ್ಜೆ ಆಗಿ ಎರಡನೆಯದು ನಿಂತಾಗ ಹೀಗಾಗುತ್ತದೆ, ಬಹುತೇಕ ಆಮ್ಲಜನಕ ಸಾಲದೆ. ನೀರು ನಿಲ್ಲಿಸಿ, ಮಣ್ಣು ಸಡಿಲಿಸಿ. ಈ ವಸ್ತು 2,4-ಡಿಗಿಂತ ಬ್ಯಾಕ್ಟೀರಿಯಾಗಳಿಗೆ ಹೆಚ್ಚು ವಿಷ, ಮನುಷ್ಯರ ಚರ್ಮದಿಂದಲೂ ಒಳಸೇರುತ್ತದೆ. ಕೈಗವಸು, ಮುಖಗವಸು ಇಲ್ಲದೆ ಯಾರನ್ನೂ ಇಳಿಸಬೇಡಿ.

ಮೊದಲ ವಾರಗಳಲ್ಲಿ ಚೆನ್ನಾಗಿ ಇಳಿದು ಆಮೇಲೆ ವಿಷ ಒಂದೇ ಮಟ್ಟದಲ್ಲಿ ನಿಂತುಬಿಡುವುದೂ ಉಂಟು. ತೇವ, ಸಾರಜನಕ, ಎಣಿಕೆ ಮೂರೂ ಸರಿಯಿದ್ದರೆ ಉಳಿದದ್ದು ಮಣ್ಣಿನ ಕಣಗಳ ಒಳಗೆ ಹೊಕ್ಕು ಕೂತಿದೆ. ಹಳೆಯ ಡೀಸೆಲ್, ನ್ಯಾಫ್ತಲೀನ್ ಮಣ್ಣುಗಳಲ್ಲಿ ಇದು ಹೆಚ್ಚು. ಮತ್ತೆ ದಾನಿ ಹಾಕಿ ಪ್ರಯೋಜನವಿಲ್ಲ. ಅದು ನಿಧಾನವಾಗಿ ಹೊರಬಂದಂತೆ ತಿನ್ನುವ ಜೀವಿಗಳು ಬದುಕಿರುವಷ್ಟು ತೇವ ಕಾಯ್ದುಕೊಂಡು ಕಾಯಬೇಕು.

ಸತತ ಎರಡು ಮಾದರಿಗಳಲ್ಲಿ, ಮೇಲೂ ಆಳದಲ್ಲೂ, ವಿಷ ಗುರಿಯ ಮಟ್ಟಕ್ಕಿಂತ ಕೆಳಗಿದ್ದರೆ ನೀರು ನಿಲ್ಲಿಸಬಹುದು. ತಿನ್ನಲು ಏನೂ ಇಲ್ಲದಾಗ ಪ್ಲಾಸ್ಮಿಡ್ ಹೊರುವುದು ಕೋಶಕ್ಕೆ ಹೊರೆ, ಎಣಿಕೆ ತಿಂಗಳುಗಳಲ್ಲಿ ತಾನಾಗಿ ಇಳಿಯುತ್ತದೆ; ಅದನ್ನೂ ಒಂದು ವರ್ಷ ಮೂರು ತಿಂಗಳಿಗೊಮ್ಮೆ ದಾಖಲಿಸಿ. ತಟ್ಟೆ, ಸಾರು, ಫಿಲ್ಟರುಗಳನ್ನು 121 ಡಿಗ್ರಿಯಲ್ಲಿ ಕನಿಷ್ಠ 20 ನಿಮಿಷ ಆಟೋಕ್ಲೇವ್ ಮಾಡಿಯೇ ಎಸೆಯಿರಿ. ಪಕ್ಕದಲ್ಲಿ ಇನ್ನೊಂದು ಮಡಿ ಬಾಕಿಯಿದ್ದರೆ ಬೀಜಮಣ್ಣಿನ ಹತ್ತು ಕಿಲೋವನ್ನು ಹದದಲ್ಲೇ, ಗಾಳಿಯಾಡುವ ಡಬ್ಬದಲ್ಲಿ 4 ಡಿಗ್ರಿಯಲ್ಲಿಡಿ. ಬಳಸುವ ಮೊದಲು ಆ ಮಡಿಯ ಕಲುಷಿತ ಮಣ್ಣಿನೊಂದಿಗೆ ಬೆರೆಸಿ ಎರಡು ವಾರ ಬೆಚ್ಚಗಿಟ್ಟು, ನೇರಳೆ ಗುಂಪುಗಳು ಮತ್ತೆ ಗ್ರಾಂಗೆ 1 ಲಕ್ಷಕ್ಕೆ ಏರಿವೆಯೇ ಎಂದು ಎಣಿಸಿ.